ಹುಳ ನೋಡುವ ಡಾಕ್ಟ್ರಮ್ಮ

ಯಾರಾದರೂ ಮಾತಿಗೆ ಶುರುವಿಟ್ಟರೆ ಸಾಕು, ನಮ್ಮ ಡಾಕ್ಟ್ರಮ್ಮನ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಬಲಗಣ್ಣು ಮಾತ್ರ ಅಗಲವಾಗಿ ತೆರೆದು, ಕುತ್ತಿಗೆ ಮುಂದೆ ಚಾಚಿ, ಹೇಳುವವರ ಮುಖವನ್ನೇ ನೋಡುತ್ತಾ ಕೂರುತ್ತಿದ್ದರು. ವರ್ಷಗಟ್ಟಲೆ ಒಂಟಿ ಕೊಳವೆಯ ಮೈಕ್ರೋಸ್ಕೋಪಿನಲ್ಲಿ ಹುಳದ ಮೊಟ್ಟೆ ನೋಡಿ ನೋಡಿ ಬಂದ ಅಭ್ಯಾಸ ಅದು. ನಮ್ಮೂರಿಗೆ ಅದೆಲ್ಲ ಎಲ್ಲಿ ಗೊತ್ತು? ಬಂದ ಮೊದಲ ದಿನ ಅರಳಿಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರನ್ನು ಮಾತಾಡಿಸುವಾಗಲೂ ಹೀಗೇ ಕಣ್ಣು ಮುಚ್ಚಿದ್ದಾರೆ. ಆ ಮಹಾರಾಯರು ಮನೆಗೆ ಹೋಗಿ, "ಯಾವಳೋ ಓದ್ದೋಳು ಬಂದವ್ಳೆ ಕಣಮ್ಮಿ, ಈ ವಯಸ್ನಲ್ಲಿ ನಂಗೆ ಕಣ್ಣೊಡೀತಾಳೆ" ಅಂದರಂತೆ. ಅವರ ಹೆಂಡತಿ ಮಾರನೇ ದಿನ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ವಿಚಾರಿಸಲು ಹೋದರೆ, ಆಕೆಗೂ ಕಣ್ಣು ಹೊಡೆದರು. ಅಲ್ಲಿಗೆ ಊರು ತಣ್ಣಗಾಯಿತು.

ನಮ್ಮದು ಹಾರನಹಳ್ಳಿ ಹೋಬಳಿಯ ಒಂದು ಊರು. ಎಲ್ಲಿ ನೋಡಿದರೂ ಹೊಗೆಸೊಪ್ಪಿನ ಹೊಲ, ನಡುನಡುವೆ ಸೊಪ್ಪು ಬೇಯಿಸುವ ಬ್ಯಾರನ್ನು. ಈ ಡಾಕ್ಟ್ರಮ್ಮ ಬಂದು ನಮ್ಮ ಕೊಟ್ಟಿಗೆಗೆ ಅಂಟಿಕೊಂಡ ಖಾಲಿ ಕೋಣೆಯನ್ನು ಬಾಡಿಗೆಗೆ ಹಿಡಿದರು. ಕೊಪ್ಪಳದ ಕಡೆಯವರು. ವಯಸ್ಸು ನಲವತ್ತರ ಮೇಲಿರಬೇಕು, ಮದುವೆಯಾಗಿರಲಿಲ್ಲ. ಜನ ಮೊದಮೊದಲು ಮಂಡಿ ನೋವು, ಕೆಮ್ಮು ಅಂತ ಬಾಗಿಲಿಗೆ ಬಂದರೆ, "ನಾ ಸೂಜಿ ಚುಚ್ಚೋ ಡಾಕ್ಟರ ಅಲ್ರೀ, ಹುಳ ನೋಡೋ ಡಾಕ್ಟರು" ಅನ್ನುತ್ತಿದ್ದರು. ಅದೇ ಹೆಸರಾಗಿ ನಿಂತಿತು. ಅದಕ್ಕೂ ಮೊದಲು ಎಚ್.ಡಿ. ಕೋಟೆ ಕಡೆ, ಕಬಿನಿ ಹಿನ್ನೀರಿನ ಹಾಡಿಗಳಲ್ಲಿ ಮಲೇರಿಯಾದ ಸೊಳ್ಳೆ ಹಿಡಿದುಕೊಂಡು ತಿರುಗಿದವರು. ಅದನ್ನು ಬಿಟ್ಟು ಇಲ್ಲಿಗೆ ಯಾಕೆ ಬಂದಿರಿ ಅಂತ ನಾನೊಮ್ಮೆ ಕೇಳಿದ್ದೆ. "ಮಲೇರಿಯಾ ಬಂದ್ರ ಮೈ ಗಡಗಡ ನಡಗಿಸ್ತೈತಿ, ಮಂದಿ ಹೊಯ್ಕೋತಾರ, ಸರಕಾರ ಓಡಿ ಬರ್ತೈತಿ. ಈ ಕೊಕ್ಕೆಹುಳ ಸದ್ದನ ಮಾಡಂಗಿಲ್ಲವಾ. ಸುಮ್ನ ಕುಂತು ರಕ್ತ ಕುಡೀತೈತಿ" ಅಂದರು.

ನಾನು ಹನಗೋಡಿನಿಂದ ಈ ಮನೆಗೆ ಸೊಸೆಯಾಗಿ ಬಂದು ಮೂರು ವರ್ಷವಾಗಿತ್ತು. ಎರಡು ಸಲ ಬಸುರು ನಿಂತು ಎರಡು ಸಲವೂ ಇಳಿದುಹೋಗಿತ್ತು. ಅದು ಸಾಲದು ಅಂತ ಸುಸ್ತು. ಎಂಥಾ ಸುಸ್ತು ಅಂದರೆ, ಒಂದು ಕೊಡ ನೀರು ಹೊತ್ತು ತಂದು ಹೊಸಿಲ ಮೇಲೆ ಕೂತರೆ ಏಳಲು ಮನಸ್ಸಿದ್ದರೂ ಕಾಲು ಕೇಳುತ್ತಿರಲಿಲ್ಲ. ಎದೆ ಡವಡವ. ನಮ್ಮತ್ತೆ ಹೋಗುತ್ತಾ ಬರುತ್ತಾ, "ಮೈಗಳ್ಳಿ. ಉಣ್ಣಕ್ಕೆ ಮುಂದೆ, ಗೇಯಕ್ಕೆ ಇಂದೆ" ಅನ್ನುತ್ತಿದ್ದರು. ಉಣ್ಣುವುದರಲ್ಲಿ ಮುಂದಿದ್ದದ್ದು ನಿಜ, ಎಷ್ಟು ಉಂಡರೂ ಹೊಟ್ಟೆ ಹಸಿವು. ಆ ಮಾತು ನಿಜವಿರಬೇಕು ಅಂತ ನನಗೂ ಅನ್ನಿಸತೊಡಗಿತ್ತು. ನನ್ನ ತವರಿನಲ್ಲಿ ಗಂಡಾಳಿನ ಸಮ ಗೇಯುತ್ತಿದ್ದವಳು ನಾನೇನಾ ಅಂತ ಅನುಮಾನ ಬರುತ್ತಿತ್ತು.

ಆ ವರ್ಷ ಹೊಗೆಸೊಪ್ಪಿನ ಸಸಿ ಮಡಿ ಹಾಕುವ ಹೊತ್ತಿಗೆ ಅತ್ತೆ ನಮ್ಮನೆಯವರಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. "ನಾಟಿ ಮುಗೀಲಿ, ಅವಳ ಅವ್ವನ ಮನೆಗೆ ಬುಟ್ಟು ಬಾ." ಬುಟ್ಟು ಬಾ ಅಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು, ಮತ್ತೆ ಕರೆದುಕೊಂಡು ಬರುವುದಿಲ್ಲ ಅಂತ. ನಾಟಿ ಮುಗಿಯೋವರೆಗೆ ಯಾಕೆ ಕಾಯಬೇಕೋ? ನಾಟಿಗೆ ಕೈ ಬೇಕಲ್ಲ, ಮೈಗಳ್ಳಿಯ ಕೈಯಾದರೂ ಸರಿ. ನಮ್ಮನೆಯವರು ಬೀಡಿ ಹಚ್ಚಿಕೊಂಡು ಹಿತ್ತಲಿಗೆ ಹೋದರು. ಆ ಹಿತ್ತಲಿಗೆ ಹೋದದ್ದಕ್ಕೆ ನನಗೆ ಇವತ್ತಿಗೂ ಅವರ ಮೇಲೆ ಸಿಟ್ಟಿದೆ.

ಡಾಕ್ಟ್ರಮ್ಮ ಮನೆಮನೆಗೆ ಮುಚ್ಚಳದ ಸಣ್ಣ ಡಬ್ಬಿ ಹಂಚಿದ್ದು ಇದೇ ಸಮಯದಲ್ಲಿ. ತಲೆಗೊಂದು ಡಬ್ಬಿ. ಬೆಳಿಗ್ಗೆ ಬಯಲಕಡೆಗೆ ಹೋದಾಗ ಅದರಲ್ಲಿ ಏನು ತುಂಬಿ ಕೊಡಬೇಕು ಅಂತ ಹೇಳಿದಾಗ ಊರಿಗೆ ಊರೇ ಮುಸಿಮುಸಿ ನಕ್ಕಿತು. ಪಡ್ಡೆ ಹುಡುಗರು ಒಬ್ಬರನ್ನೊಬ್ಬರು "ತುಂಬ್ತೇನ್ಲಾ?" ಅಂತಲೇ ಮಾತಾಡಿಸುತ್ತಿದ್ದರು. ಡಾಕ್ಟ್ರಮ್ಮನಿಗೆ ನಾಚಿಕೆ ಅನ್ನುವುದೇ ಇರಲಿಲ್ಲ. ಬೆಳ್ಳಂಬೆಳಿಗ್ಗೆ ಬಾಗಿಲಲ್ಲಿ ನಿಂತು, "ಲಗೂನ ತರ್ರಿ, ತಡಾ ಆದ್ರ ಮೊಟ್ಟಿ ಕರಗಿ ಕಾಣಂಗಿಲ್ಲ" ಅಂತ ಹಾಲಿನ ಡೈರಿಯವರ ಹಾಗೆ ಕೂಗುತ್ತಿದ್ದರು. ನಮ್ಮ ಮನೆಗೆ ನಾಲ್ಕು ಡಬ್ಬಿ: ಅತ್ತೆ, ನಮ್ಮನೆಯವರು, ಮೈದುನ, ನಾನು. ನನ್ನ ಡಬ್ಬಿಯನ್ನು ಅತ್ತೆ ನನ್ನ ಕೈಯಿಂದಲೇ ಇಸಿದುಕೊಂಡರು. "ನೀ ಸುಮ್ಕಿರು, ನಾ ನೋಡ್ಕತೀನಿ" ಅಂದರು. ನನಗೂ ಅಷ್ಟೇ ಬೇಕಿತ್ತು, ನಾಚಿಕೆಯಿಂದ ಬಚಾವಾದೆ ಅಂದುಕೊಂಡೆ. ಎರಡು ದಿನ ಬಿಟ್ಟು ಡಾಕ್ಟ್ರಮ್ಮ ಬಂದು, ನಿಮ್ಮ ಮನೆಯಲ್ಲಿ ಯಾರಿಗೂ ಹುಳವಿಲ್ಲ ಅಂತ ಹೇಳಿ ಹೋದರು.

ಅದಾದ ವಾರದಲ್ಲೇ ನಾನು ಅವರ ಕೈಗೆ ಸಿಕ್ಕಿಬಿದ್ದೆ. ಕೊಟ್ಟಿಗೆಯ ಗೋಡೆ ಕೆಮ್ಮಣ್ಣಿನದು. ಅದಕ್ಕೆ ನೀರು ಚಿಮುಕಿಸಿದರೆ ಏಳುವ ವಾಸನೆಗೆ ನನ್ನ ಬಾಯಲ್ಲಿ ನೀರೂರುತ್ತಿತ್ತು. ಉಗುರಲ್ಲಿ ಕೆರೆದು ಕೆರೆದು ತಿನ್ನುತ್ತಿದ್ದೆ. ಯಾರಿಗೂ ಗೊತ್ತಿರಲಿಲ್ಲ. ಅವತ್ತು ಬಾಯಿಗೆ ಹಾಕಿಕೊಂಡು ತಿರುಗಿದರೆ ಡಾಕ್ಟ್ರಮ್ಮ ನಿಂತಿದ್ದಾರೆ, ಎಡಗಣ್ಣು ಮುಚ್ಚಿಕೊಂಡು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬೈಯುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು, "ರುಚಿ ಹೆಂಗೈತಿ?"

"ಚೆನ್ನಾಗದೆ" ಅಂದುಬಿಟ್ಟೆ. ಇನ್ನೇನು ಹೇಳಲಿ?

ಹತ್ತಿರ ಬಂದು ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಬೆರಳುಗಳನ್ನು ಬಿಡಿಸಿ ಉಗುರು ನೋಡಿದರು. ಕಾಲ್ಬೆರಳ ಸಂದಿಯಲ್ಲಿ ನವೆ ಬರುತ್ತದಾ, ಸಸಿ ಮಡಿಗೆ ನೀರು ಹಾಕುವವರು ಯಾರು, ಬರಿಗಾಲಲ್ಲೇ ಹೋಗುತ್ತೀಯಾ ಅಂತ ಕೇಳುತ್ತಾ ಹೋದರು. ಕೊನೆಗೆ, "ಮೈಯಾಗ ರಕ್ತ ಇಲ್ಲಂದ್ರ ಮಣ್ಣು ಕರೀತೈತಿ ತಂಗಿ. ನಿನ್ನ ಡಬ್ಬಿ ಹೆಂಗ ಸ್ವಚ್ಛ ಬಂತು ಅಂತ ನನಗ ತಿಳೀವಲ್ದು" ಅಂದರು. ಮದುವೆಯಾದ ಮೇಲೆ ನನ್ನ ಮೈಯನ್ನು ಅಷ್ಟು ಹೊತ್ತು ಗಮನವಿಟ್ಟು ನೋಡಿದವರು, ಏನಾಗ್ತಿದೆ ಅಂತ ಕೇಳಿದವರು ಅವರೊಬ್ಬರೇ. ಅವರು ಹೋದ ಮೇಲೆ ಕೊಟ್ಟಿಗೆಯಲ್ಲೇ ಕೂತು ಅತ್ತುಬಿಟ್ಟೆ.

ನಮ್ಮ ಮನೆಗೆ ಇನ್ನೊಂದು ಸುತ್ತು ಡಬ್ಬಿ ಬಂತು. ಮತ್ತೆ ನಮ್ಮತ್ತೆಯೇ ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಕೊಟ್ಟರು. ಈ ಸಲ ಡಾಕ್ಟ್ರಮ್ಮ ಬರಿಯ ಮೈಕ್ರೋಸ್ಕೋಪಿನ ಗಾಜು ನೋಡಲಿಲ್ಲ, ಸೋಸಿದ ಜರಡಿಯ ಮೇಲೆ ಉಳಿದದ್ದನ್ನೂ ಕೆದಕಿ ನೋಡಿದ್ದಾರೆ. ಸೀದಾ ನಮ್ಮ ಜಗುಲಿಗೆ ಬಂದು ಅತ್ತೆಯ ಎದುರು ಕೂತರು.

"ಅಮ್ಮಾರ, ನಿಮ್ಮ ಮನ್ಯಾಗ ನಾಕೂ ಮಂದಿಗೆ ಸಕ್ರಿ ಕಾಯಿಲೆ ಐತೇನ್ರಿ?"

"ಇಲ್ಲ ಕಣವ್ವ, ನಂಗೊಬ್ಳಿಗೆಯ. ಯಾಕೆ?"

"ಮತ್ತ ನಾಕೂ ಡಬ್ಬಿಯೊಳಗ ಮೆಂತ್ಯದ ಸಿಪ್ಪಿ ಯಾಕ ಐತಿ?"

ಸಕ್ಕರೆ ಕಾಯಿಲೆಗೆ ಅಂತ ದಿನಾ ಬೆಳಿಗ್ಗೆ ನೆನೆಸಿದ ಮೆಂತ್ಯ ನುಂಗುತ್ತಿದ್ದವರು ನಮ್ಮತ್ತೆ ಒಬ್ಬರೇ. ಮೈದುನ ನಗು ತಡೆಯಲಾರದೆ ಎದ್ದು ಬೀದಿಗೆ ಓಡಿದ. ಅತ್ತೆ ಮಾತ್ರ ನಗಲಿಲ್ಲ. ಆಮೇಲೆ ಮೆಲ್ಲಗೆ, ನನ್ನ ಕಡೆ ನೋಡದೆ ಹೇಳಿದರು. "ಎಲ್ಡು ಬಸುರು ಓಗವೆ ಈ ಮನೇಲಿ. ಯಾವಳೋ ಏನೋ ಮಾಡ್ಸವ್ಳೆ. ಇಂಗಿರುವಾಗ ಇವಳ್ದ ಕಂಡೋರ ಕೈಗೆ ಕೊಡಕಾಯ್ತದಾ? ಮಕ್ಳುದ್ದೂ ಅಷ್ಟೆಯ. ಅದ್ಕೆ ಎಲ್ಲಾರ್ದೂ ನಂದೇ ಕೊಟ್ಟೆ. ಮಾಟ ಮಾಡ್ಸೋದಾದ್ರೆ ನಂಗೆ ಮಾಡ್ಸ್ಲಿ, ಮುದುಕಿ, ಓದ್ರೆ ಓಯ್ತೀನಿ."

ನಾನು ಬಾಗಿಲ ಹಿಂದೆ ನಿಂತಿದ್ದೆ. ಉಗುರು, ಕೂದಲು, ಉಟ್ಟ ಬಟ್ಟೆಯ ಚೂರು ಇವನ್ನು ಬೇರೆಯವರ ಕೈಗೆ ಸಿಗದಂತೆ ಕಾಯುವುದು ನಮ್ಮಲ್ಲಿ ಎಲ್ಲ ಮನೆಯಲ್ಲೂ ಉಂಟು. ಆದರೆ ನಾಟಿ ಮುಗಿದರೆ ನನ್ನನ್ನು ಕಳಿಸಿಬಿಡಲು ನಿಂತಿರುವ ಹೆಂಗಸು ನನ್ನ ಬದಲಿಗೆ ತನ್ನನ್ನೇ ಒಡ್ಡಿಕೊಂಡಿದ್ದಾರೆ ಅಂದರೆ ಅದನ್ನು ಹೇಗೆ ಅರ್ಥ ಮಾಡಿಕೊಳ್ಳುವುದೋ ನನಗೆ ತಿಳಿಯಲಿಲ್ಲ. ಒಂದೇ ಮನಸ್ಸಿನಲ್ಲಿ ಎರಡೂ ಇರುತ್ತವೆ ಅಂತ ಈಗ ಗೊತ್ತು.

ಓದಿದವರು ಬೇರೆ ಯಾರಾದರೂ ಆಗಿದ್ದರೆ ಮೂಢನಂಬಿಕೆ ಅಂತ ಒಂದು ಭಾಷಣ ಬಿಗಿಯುತ್ತಿದ್ದರು. ಡಾಕ್ಟ್ರಮ್ಮ ಅತ್ತೆಯ ಎಲೆಯಡಿಕೆ ತಟ್ಟೆಯಿಂದ ಒಂದು ಎಲೆ ತೆಗೆದುಕೊಂಡು ಸುಣ್ಣ ಹಚ್ಚುತ್ತಾ, ತಮ್ಮ ಅಜ್ಜಿಯ ಕತೆ ಹೇಳಿದರು. ಅವರ ಊರಲ್ಲಿ ಮೆಟ್ಟಿಲಿಳಿದು ನೀರು ತುಂಬುವ ಬಾವಿ. ಆ ನೀರು ಕುಡಿದು ಅಜ್ಜಿಗೆ ನಾರುಹುಣ್ಣು. ಪಾದದ ಗಂಟಿನಿಂದ ನೂಲಿನ ಹಾಗೆ ಹುಳ ಈಚೆ ಬಂದು, ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಎಳೆಯಬೇಕಂತೆ, ಹರಿದರೆ ಕಾಲೇ ಹೋದಂತೆ. ಜೋಳದ ಸುಗ್ಗಿಯೆಲ್ಲ ಅಜ್ಜಿ ಮಲಗಿದಲ್ಲೇ. "ಊರಾಗ ಮಾಟ ಅಂದ್ರು. ಮನ್ಯಾಗ ಕೆಲಸಗಳ್ಳಿ ಅಂದ್ರು. ಹುಳ ನೀರಾಗಿತ್ರಿ. ಅರಿವಿ ಕಟ್ಟಿ ಸೋಸಿ ಕುಡಿಯಾಕ ಹತ್ತಿದ್ರು, ಬಾವಿಗೆ ಇಳಿಯೋದು ಬಿಟ್ರು, ಹೋತು. ಗುಳಿಗಿ ಇಲ್ಲ, ಸೂಜಿ ಇಲ್ಲ. ಈಗ ನಾರುಹುಣ್ಣು ನಮ್ಮ ದೇಶದಾಗ ಎಲ್ಲೂ ಇಲ್ಲ. ಅದನ್ನ ನೋಡೇ ನಾ ಈ ಹುಳದ ಓದಿಗೆ ಬಿದ್ದೆ." ಎಲೆ ಮಡಿಸಿ ಅತ್ತೆಯ ಕೈಗೇ ಕೊಟ್ಟರು. "ಮಾಟ ಐತೋ ಇಲ್ಲೋ ನನಗ ಗೊತ್ತಿಲ್ಲ. ಹುಳ ಐತೋ ಇಲ್ಲೋ ಅಷ್ಟ ನಾ ನೋಡ್ತೀನಿ. ನೋಡಿದ ಮ್ಯಾಲ ನಿಮ್ಮ ಕಣ್ಣ ಮುಂದನ ಸುಣ್ಣದ ಗುಂಡಿಗೆ ಹಾಕಿ ಮುಚ್ಚತೀನಿ. ನೀವ ನಿಂತು ನೋಡ್ರಿ."

ಅತ್ತೆ ಎಲೆ ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು. ಆಮೇಲೆ ಒಳಗೆ ತಿರುಗಿ, "ಲೇ, ಡಬ್ಬಿ ಈಸ್ಕೊ" ಅಂದರು.

ಅವತ್ತಿನಿಂದ ಡಾಕ್ಟ್ರಮ್ಮನ ಕೆಲಸದ ರೀತಿಯೇ ಬದಲಾಯಿತು. ಬೆಳಿಗ್ಗೆ ಗಾಜು ನೋಡಿ ಮುಗಿಸುವುದು, ಆಮೇಲೆ ಆಯಾ ಮನೆಯ ಹಿರಿಯರನ್ನು ಕೂಗಿ ಅವರೆದುರೇ ಗುಂಡಿಗೆ ಹಾಕಿ ಸುಣ್ಣ ಸುರಿಯುವುದು. ಮುದುಕಿಯರು ಸೊಂಟದ ಮೇಲೆ ಕೈಯಿಟ್ಟುಕೊಂಡು ಸಾಲಾಗಿ ನಿಂತು ಕಾವಲು ಕಾಯುತ್ತಿದ್ದರು. ನಮ್ಮ ಮನೆಯೊಂದೇ ಅಲ್ಲ, ಎಷ್ಟೋ ಮನೆಯವರು ಹೀಗೇ ಒಬ್ಬರದ್ದನ್ನೇ ಹಂಚಿ ಕೊಟ್ಟಿದ್ದರು ಅಂತ ಆಗ ಹೊರಗೆ ಬಂತು. ಅಷ್ಟು ದಿನದ ಕೆಲಸವೆಲ್ಲ ಹೊಳೆಗೆ ಹೋಯಿತು. ಡಾಕ್ಟ್ರಮ್ಮ ಒಂದು ಲೋಟ ಹಾಲಿಲ್ಲದ ಚಹಾ ಕುಡಿದು, ಮೊದಲಿನಿಂದ ಶುರು ಮಾಡಿದರು.

ನನ್ನ ಡಬ್ಬಿ ಕೊಟ್ಟ ದಿನ ನಮ್ಮ ಮೂವರನ್ನೂ ಕೋಣೆಗೆ ಕರೆದರು: ಅತ್ತೆ, ನಮ್ಮನೆಯವರು, ನಾನು. ಮೈಕ್ರೋಸ್ಕೋಪಿಗೆ ಕಣ್ಣಿಡಿ ಅಂದರೆ ಅತ್ತೆ ಎರಡೂ ಕಣ್ಣು ಮುಚ್ಚಿಕೊಂಡು, "ಏನೂ ಕಾಣಕಿಲ್ಲ, ಬರೀ ಕತ್ಲೆ" ಅಂದರು. ಡಾಕ್ಟ್ರಮ್ಮ ತಮ್ಮ ಅಂಗೈಯಿಂದ ಅತ್ತೆಯ ಎಡಗಣ್ಣು ಮುಚ್ಚಿ ಹಿಡಿದು ತೋರಿಸಿದರು. ಅತ್ತೆ ನೋಡಿದರು. "ಸಬ್ಬಕ್ಕಿ ಇದ್ದಂಗದೆ" ಅಂದರು.

"ಅವು ಮೊಟ್ಟಿ. ಇವುಗಳ ಅವ್ವ ಈಕಿ ಕರುಳಿಗೆ ಕಚ್ಚಿಕೊಂಡು ಕುಂತೈತಿ. ಒಂದಲ್ಲ, ಬೇಕಾದಷ್ಟು ಅದಾವು. ಈಕಿ ಉಂಡದ್ದು ಅವಕ್ಕ ಹೋಗ್ತೈತಿ." ನನ್ನ ಹೆಗಲ ಮೇಲೆ ಕೈಯಿಟ್ಟರು. "ಈಕಿ ಮೈಗಳ್ಳಿ ಅಲ್ರೀ ಅಮ್ಮಾರ. ಇಷ್ಟು ರಕ್ತ ಹೋದ ಮ್ಯಾಲೂ ನಿಮ್ಮ ಸಸಿಗೆ ನೀರು ಹಾಕ್ಯಾಳ. ನನಗ ಆಗ್ತಿದ್ದಿಲ್ಲ."

ಅತ್ತೆ ಮತ್ತೊಂದು ಸಲ ಬಗ್ಗಿ ನೋಡಿದರು. "ಉಂಡ ಮನೆಗೇ ಎಲ್ಡು ಬಗಿಯೋ ಜಾತಿ" ಅಂದದ್ದು ಹುಳಕ್ಕೆ. ಮಾರನೇ ಬೆಳಿಗ್ಗೆ ನಾನು ಸಸಿಗೆ ನೀರು ಹಾಕುವ ಕ್ಯಾನು ಎತ್ತಿಕೊಂಡು ಹೊರಟರೆ ಅದನ್ನು ಕೈಯಿಂದ ಕಿತ್ತುಕೊಂಡು, "ಇವತ್ತು ಮಡಿಗೆ ನೀ ಬರಬ್ಯಾಡ, ಆಸ್ಪತ್ರೆಗೆ ಓಗು" ಅಂತ ಮಂಡಿ ನೋವಿನಲ್ಲೇ ಕುಂಟುತ್ತಾ ತಾವೇ ಹೋದರು. ಡಾಕ್ಟ್ರಮ್ಮ ತಮ್ಮ ಸ್ಕೂಟಿಯಲ್ಲಿ ನನ್ನನ್ನು ಕೂರಿಸಿಕೊಂಡು ಪಿರಿಯಾಪಟ್ಟಣದ ಆಸ್ಪತ್ರೆಗೆ ಕರೆದೊಯ್ದರು. ಹುಳದ ಮಾತ್ರೆ, ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆ. ನಾಟಿ ಮುಗಿಯಿತು. ತವರಿಗೆ ಬಿಡುವ ಮಾತನ್ನು ಯಾರೂ ಎತ್ತಲಿಲ್ಲ.

ಮಾತ್ರೆ ನುಂಗಿದರೆ ಹುಳ ಹೋಗುತ್ತದೆ, ಮತ್ತೆ ಬರಿಗಾಲಲ್ಲಿ ಅದೇ ಮಣ್ಣು ತುಳಿದರೆ ಮತ್ತೆ ಬರುತ್ತದೆ. ಡಾಕ್ಟ್ರಮ್ಮನ ಸಂಶೋಧನೆಯೆಲ್ಲ ಆ ಮಣ್ಣಿನದೇ. ಆಗಿನ್ನೂ ಸಸಿ ಬೆಳೆಸುವ ಪ್ಲಾಸ್ಟಿಕ್ ಟ್ರೇ ಬಂದಿರಲಿಲ್ಲ, ಕೆರೆ ಪಕ್ಕದ ತೇವದ ನೆಲದಲ್ಲೇ ಮಡಿ. ಜನ ಬೆಳಿಗ್ಗೆ ಹೋಗಿ ಕೂರುವ ಬೇಲಿಸಾಲು ಅದರ ಮೇಲ್ಗಡೆಗೇ. ಚಪ್ಪಲಿ ಹಾಕಿಕೊಳ್ಳಿ ಅಂದರೆ ಮುಗಿಯಿತಲ್ಲ ಅನ್ನಬಹುದು. ಕಣಕ್ಕೆ, ಮಡಿಗೆ ಚಪ್ಪಲಿ ಮೆಟ್ಟಿ ಇಳಿಯುವ ಪದ್ಧತಿ ನಮ್ಮಲ್ಲಿ ಇಲ್ಲವೇ ಇಲ್ಲ, ಭೂಮಿತಾಯಿ. ಡಾಕ್ಟ್ರಮ್ಮ ಅದನ್ನು ಹೇಗೆ ಬಿಡಿಸುವುದು ಅಂತ ಒದ್ದಾಡುತ್ತಿದ್ದಾಗ ದಾರಿ ಹುಡುಕಿದವರು ನಮ್ಮತ್ತೆ. ಮನೆಮನೆ ಬಾಗಿಲಿಗೆ ಹೋಗಿ, "ಮಡಿಗೆ ಚಪ್ಲೀಲಿ ಇಳಿಯೋದು ಪಾಪ ಅಂತೀರಲ್ಲ, ಅದ್ರ ತಲೆ ಮೇಲೆ ಕುಂತ್ಕಳೋದು ಪುಣ್ಯವಾ?" ಅಂತ ಕೇಳಿಬಿಟ್ಟರು. ಬೇಲಿಸಾಲಿಗೆ ಹೋಗುವುದು ನಿಂತಿತು, ಕಕ್ಕಸು ಗುಂಡಿಗಳು ಎದ್ದವು. ಡಾಕ್ಟ್ರಮ್ಮ ಆಮೇಲೂ ಪ್ರತಿ ವರ್ಷ ಮಡಿಯ ಕಾಲಕ್ಕೆ ಬಂದು, ಅದೇ ಕೋಣೆಯಲ್ಲಿದ್ದು ಮಣ್ಣು ಎತ್ತಿ ನೋಡುವರು, ಡಬ್ಬಿ ಹಂಚುವರು. ಹುಳ ಕಡಿಮೆಯಾಗುತ್ತಾ ಬಂತು. ಮೇಲಿನ ಬೀದಿಯೊಂದರಲ್ಲಿ ಮಾತ್ರ ಇಳಿಯಲೇ ಇಲ್ಲ. ಯಾಕೆ ಅಂತ ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. "ಆ ಬೀದಿ ನನ್ನ ನಿದ್ದಿ ಕೆಡಸೈತಿ ನೋಡು" ಅನ್ನುವರು.

ಆ ವರ್ಷಗಳನ್ನು ಈಗಲೂ ನೆನೆಯುತ್ತಲೇ ಇರುತ್ತೇನೆ. ಮುದ್ದೆಯನ್ನು ಅಗಿದು ತಿನ್ನುತ್ತಿದ್ದರು ಮಾರಾಯ್ತಿ, ಎಷ್ಟು ಹೇಳಿಕೊಟ್ಟರೂ ನುಂಗಲು ಬರಲಿಲ್ಲ. "ನಮ್ಮ ರೊಟ್ಟಿ ಮುಂದ ನಿಮ್ಮ ಮುದ್ದಿ ಯಾವ ಲೆಕ್ಕ" ಅಂತ ಅತ್ತೆಯನ್ನು ಕೆಣಕುವರು. ಅತ್ತೆ, "ಬಾಯಲ್ಲಿ ಅಲ್ಲು ಇಲ್ದೋರು ಉಣ್ಣೋದು ಕಣವ್ವ ಮುದ್ದೆ, ನಿಂಗ್ಯಾಕೆ ಆ ಕಷ್ಟ" ಅನ್ನುವರು. ನನ್ನ ಮಗಳು ಹುಟ್ಟಿದಾಗ ಬಾಣಂತಿ ಕೋಣೆಗೆ ಬಂದು, ಮೊದಲು ಮಗುವನ್ನು ನೋಡಲಿಲ್ಲ, ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿದರು. "ಕೆಂಪಗೈತಿ" ಅಂತ ಅವರು ನಕ್ಕ ನಗು ಇನ್ನೊಮ್ಮೆ ಕಾಣಬೇಕು ಅನ್ನಿಸುತ್ತದೆ. ಇನ್ನೆಲ್ಲಿ ಕಾಣಲಿ?

ಕೆಲಸ ಮುಗಿದು ಅವರು ಊರು ಬಿಟ್ಟ ಮೇಲೂ ಫೋನು ಮಾಡುತ್ತಿದ್ದರು. ಮಗಳ ಓದು, ಅತ್ತೆಯ ಸಕ್ಕರೆ, ಆ ಮೇಲಿನ ಬೀದಿ ಎಲ್ಲ ವಿಚಾರಿಸುವರು. "ಈ ಸಲ ಬರ್ತೀನವಾ" ಅನ್ನುವರು. ಬರುತ್ತಿರಲಿಲ್ಲ. ಸಸಿಯ ಕಾಲ ಬಂದರೆ ನಾನು ಸುಮ್ಮಸುಮ್ಮನೆ ಆ ಕೋಣೆ ಗುಡಿಸಿಡುತ್ತಿದ್ದೆ. ಬೀದಿಯಲ್ಲಿ ಯಾವ ಸ್ಕೂಟಿ ಸದ್ದಾದರೂ ಕತ್ತು ಅತ್ತಲೇ ತಿರುಗುತ್ತಿತ್ತು. ಆಮೇಲೆ ಫೋನೂ ವಿರಳವಾಯಿತು. ದನಿ ಇಳಿದಿತ್ತು. ಏನಾಗಿದೆ ಅಂದರೆ, "ವಯಸ್ಸಾತು" ಅನ್ನುವರು. ಲಿವರಿನ ಕಾಯಿಲೆ ಅಂತ ಅವರು ಒಂದು ಸಲವೂ ಬಾಯಿ ಬಿಡಲಿಲ್ಲ. ಬೇರೆಯವರ ಮೈಯನ್ನು ಅಷ್ಟು ಕೆದಕಿ ಕೇಳಿದ ಹೆಂಗಸು ತಮ್ಮದನ್ನು ಹೀಗೆ ಮುಚ್ಚಿಡಬಹುದಾ?

ಹೋದ ವರ್ಷ ಅವರ ತಂಗಿ ಫೋನು ಮಾಡಿದರು. ಡಾಕ್ಟ್ರಮ್ಮ ಹೋಗಿ ಹದಿನೈದು ದಿನ ಕಳೆದಿತ್ತು. ಮಣ್ಣು ಮಾಡಿ, ಕಾರ್ಯವೂ ಮುಗಿದಿತ್ತು. ಫೋನಿನಲ್ಲಿ ನಮ್ಮ ಹೆಸರು ಸಿಕ್ಕಿತು, ತಿಳಿಸಬೇಕು ಅನ್ನಿಸಿತು ಅಂದರು. ನಾನು ಜಗುಲಿಯ ಮೇಲೆ ಕೂತೇ ಇದ್ದೆ. ಮುಖ ನೋಡುವ ಭಾಗ್ಯವೂ ಇಲ್ಲ, ಹಿಡಿ ಮಣ್ಣು ಹಾಕುವ ಋಣವೂ ಇಲ್ಲ. ಅಳು ಕೂಡ ಸರಿಯಾಗಿ ಬರಲಿಲ್ಲ.

ಅತ್ತೆಗೆ ಈಗ ಕಣ್ಣು ಮಂಜು, ಎದ್ದರೆ ಗೋಡೆ ಹಿಡಿಯಬೇಕು. ವಿಷಯ ಹೇಳಿದೆ. ಗೋಡೆ ಹಿಡಿದುಕೊಂಡು ಹಿತ್ತಲ ಒಗೆಯುವ ಕಲ್ಲಿನ ಹತ್ತಿರ ಹೋದರು. ನೀರಿನ ಸದ್ದು ಕೇಳಿ ಓಡಿದರೆ, ಉಟ್ಟ ಸೀರೆಯಲ್ಲೇ ತಲೆಯ ಮೇಲೆ ತಣ್ಣೀರು ಹುಯ್ದುಕೊಳ್ಳುತ್ತಿದ್ದಾರೆ. ಮನೆಯ ಜನ ಸತ್ತರೆ ಮಾತ್ರ ನಮ್ಮಲ್ಲಿ ಹಾಗೆ ಮೀಯುವುದು. ಅವತ್ತು ಒಲೆ ಹಚ್ಚಬೇಡ ಅಂದರು.

ಒಲೆ ಹಚ್ಚದ್ದನ್ನು ನೋಡಿ ಪಕ್ಕದ ಮನೆಯಾಕೆ ಬಂದು, "ಯಾರು ಓದ್ರು ಅಕ್ಕಯ್ಯ?" ಅಂತ ಕೇಳಿದಳು.

"ನನ್ನ ಸೊಸೆ ಅವ್ವ."

ಆಕೆ ನನ್ನ ಕಡೆ ತಿರುಗಿದಳು. ನನ್ನ ಅವ್ವ ಹನಗೋಡಿನಲ್ಲಿ ಗಟ್ಟಿಮುಟ್ಟಾಗಿದ್ದಾಳೆ, ಅದು ಆಕೆಗೂ ಗೊತ್ತು. "ಇವಳವ್ವ ಮೊನ್ನೆ ತಾನೇ ಬಂದೋಗ್ನಿಲ್ವಾ?" ಅಂದಳು.

ಅತ್ತೆ ಒದ್ದೆ ತಲೆಯನ್ನು ಸೆರಗಿನಿಂದ ಒರೆಸಿಕೊಳ್ಳುತ್ತಾ ಹೇಳಿದರು. "ಅವಳು ಎತ್ತವ್ವ ಕಣವ್ವ. ಡಾಕ್ಟ್ರಮ್ಮ ಇವಳ್ನ ನಮ್ಮನೇಲಿ ಉಳಿಸ್ದವ್ವ."